ಜಮಖಂಡಿಯ ಗ್ರಹಣ, ಗೋಗಿಯ ಕಲ್ಲು

ಜತ್ತ ತಾಲೂಕಿನಲ್ಲಿ ಎಲ್ಲಿ ಅಗೆದರೂ ಸಿಗುವುದು ಕರಿಕಲ್ಲು. ಸಂಖ, ಉಮದಿ, ಮಾಡಗ್ಯಾಳ, ಗುಡ್ಡಾಪುರ, ಯಾವ ಊರಿನ ಬಾವಿಗೆ ಇಣುಕಿದರೂ ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಮೊರಮು, ಅದರ ಕೆಳಗೆ ಬಂಡೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಇಲ್ಲಿಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ವಿಕಿರಣದ ಪಾಠ ಬಂದಾಗಲೆಲ್ಲ ಹಿಂದಿನ ಸಾಲಿನಿಂದ ಒಬ್ಬ ಏಳುತ್ತಿದ್ದ: "ಸರ್, ಯುರೇನಿಯಂ ನಮ್ಮ ಹೊಲದಾಗ ಸಿಗತೈತೇನ್ರಿ?"

ಸಿಗುವುದಿಲ್ಲ. ನಮ್ಮ ಕರಿಕಲ್ಲಿನಲ್ಲಿ, ಅಂದರೆ ಬಸಾಲ್ಟಿನಲ್ಲಿ, ಟನ್ನಿಗೆ ಒಂದು ಗ್ರಾಂ ಯುರೇನಿಯಂ ಇದ್ದರೆ ಹೆಚ್ಚು. ಗ್ರಾನೈಟಿನಲ್ಲಾದರೆ ಸರಾಸರಿ ನಾಲ್ಕು ಗ್ರಾಂ. ಅಷ್ಟು ಹೇಳಿ ಪಾಠ ಮುಗಿಸಬಹುದಿತ್ತು. ಆದರೆ ಯುರೇನಿಯಂ ಹೊತ್ತ ಒಂದು ಕಪ್ಪು ಆಕ್ಸೈಡ್ ಖನಿಜದ ಚರಿತ್ರೆಯಲ್ಲಿ ನಮ್ಮ ಸೀಮೆಗೂ ಪಾಲಿದೆ. ಒಂದು ಪಾಲು ಆಕಾಶದಲ್ಲಿ, ಇನ್ನೊಂದು ನೆಲದಡಿಯಲ್ಲಿ. ನಾನು ಕಲಿಸಿದ ಯಾವ ಪುಸ್ತಕದಲ್ಲಿಯೂ ಅದು ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಕಾಶದ್ದು. 1868ರ ಆಗಸ್ಟ್ 18ರ ಮುಂಜಾನೆ ಸಂಪೂರ್ಣ ಸೂರ್ಯಗ್ರಹಣ ಹಿಡಿಯಿತು. ಚಂದ್ರನ ನೆರಳು ಕೊಂಕಣದಿಂದ ಬಂದು ಜಮಖಂಡಿ, ವಿಜಾಪುರ ದಾಟಿ ಗುಂಟೂರಿನ ಕಡೆಗೆ ಹೋಯಿತು. ನೆರಳಿನ ಪಟ್ಟಿ ಇನ್ನೂರು ಕಿಲೋಮೀಟರಿಗಿಂತ ಅಗಲ. ಜತ್ತವೂ ಅದರೊಳಗೇ ಇತ್ತು. ಆಗ ಜತ್ತ ಡಫಳೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರದು. ಜಮಖಂಡಿಯಲ್ಲಿ ದುರ್ಬೀನಿಗೆ ರೋಹಿತದರ್ಶಕ ಕಟ್ಟಿಕೊಂಡು ಕಾದಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷಲ್. ಭಾರತದ ಮಹಾ ತ್ರಿಕೋನಮಿತಿ ಸರ್ವೇಯ ಅಧಿಕಾರಿ. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಇದೇ ಕೆಲಸಕ್ಕೆ ನಿಂತಿದ್ದ. ಮಳೆಗಾಲ ಬೇರೆ. ನಮ್ಮ ಕಡೆ ಬೇಕಾದಾಗ ಬಾರದ ಮೋಡ ಅಂದು ಬೇಡವಾದಾಗ ಬಂದು ಕುಳಿತಿತ್ತು. ಅದು ಒಂದಿಷ್ಟು ಸರಿದ ಹೊತ್ತಿನಲ್ಲಿ, ಮುಚ್ಚಿದ ಸೂರ್ಯನ ಅಂಚಿನಿಂದ ಚಾಚಿದ್ದ ಜ್ವಾಲೆಯ ಬೆಳಕಿನಲ್ಲಿ ಹರ್ಷಲ್‌ಗೆ ಮೂರು ಹೊಳೆಯುವ ಗೆರೆ ಕಂಡವು: ಕೆಂಪು, ಕಿತ್ತಳೆ, ನೀಲಿ.

ಕಿತ್ತಳೆ ಗೆರೆ ಸೋಡಿಯಂನದೆಂದೇ ಅವನು ಎಣಿಸಿದ. ಅಂದು ಗುಂಟೂರಿನಲ್ಲಿ ನೋಡುತ್ತಿದ್ದ ಫ್ರೆಂಚ್ ಖಗೋಳಜ್ಞ ಜಾನ್ಸನ್ ಕೂಡ ಅದನ್ನು ಬೇರೆಯೆಂದು ಗುರುತಿಸಲಿಲ್ಲ. ಆದರೆ ಗ್ರಹಣವಿಲ್ಲದ ದಿನವೂ ಈ ಗೆರೆಗಳನ್ನು ನೋಡಬಹುದೆಂದು ಕಂಡುಕೊಂಡವನು ಜಾನ್ಸನ್. ಆ ವರ್ಷವೇ ಇಂಗ್ಲೆಂಡಿನಲ್ಲಿ ಲಾಕಿಯರ್ ಅದೇ ರೀತಿ ನೋಡಿ, ಈ ಗೆರೆ ಸೋಡಿಯಂನ ಜೋಡಿ ಗೆರೆಗಳ ಪಕ್ಕದ್ದು, ಅವುಗಳ ಮೇಲಿನದಲ್ಲ ಎಂದು ಅಳೆದು ತೋರಿಸಿದ. ಭೂಮಿಯ ಮೇಲೆ ಯಾರೂ ಕಾಣದ ಆ ವಸ್ತುವಿಗೆ ಹೀಲಿಯಂ ಎಂದು ಹೆಸರಾಯಿತು. ಸೂರ್ಯನಲ್ಲಿ ಮಾತ್ರ ಇರುವ ಧಾತು ಎಂದು ನಕ್ಕವರೇ ಹೆಚ್ಚು.

ಇಪ್ಪತ್ತೇಳು ವರ್ಷ ಅದು ಹಾಗೇ ಉಳಿಯಿತು. ಅಮೆರಿಕದ ಹಿಲ್ಲೆಬ್ರಾಂಡ್ ಎಂಬ ರಸಾಯನಜ್ಞ ಯುರೇನಿನೈಟ್ ಎಂಬ ಕಪ್ಪು ಕಲ್ಲನ್ನು ಆಮ್ಲದಲ್ಲಿ ಕುದಿಸಿದಾಗ ಯಾವುದಕ್ಕೂ ಅಂಟದ ಒಂದು ಅನಿಲ ಹೊರಬಂದಿತ್ತು. ನೈಟ್ರೋಜನ್ ಇರಬೇಕೆಂದು ಬರೆದು ಬಿಟ್ಟಿದ್ದ. ಲಂಡನ್ನಿನ ವಿಲಿಯಂ ರಾಮ್ಸೆಗೆ ಅದು ಸುಳಿವಾಯಿತು. 1895ರಲ್ಲಿ ಅವನು ಕ್ಲೀವೈಟ್ ಎಂಬ ಅದೇ ಜಾತಿಯ ಕಲ್ಲು ತರಿಸಿ ಆಮ್ಲಕ್ಕೆ ಹಾಕಿ, ಬಂದ ಅನಿಲದ ಬೆಳಕು ನೋಡಿದರೆ, ಜಮಖಂಡಿಯ ಆಕಾಶದಲ್ಲಿ ಕಂಡ ಆ ಗೆರೆಯೇ! ಸೂರ್ಯನ ಧಾತು ಕಲ್ಲಿನೊಳಗೆ ಸಿಕ್ಕಿಹಾಕಿಕೊಂಡಿತ್ತು.

ಇಲ್ಲಿ ಒಂದು ಮಾತು ಬಿಡಲಾರೆ. ಯುರೇನಿಯಂ ಎಂಬ ಹೆಸರನ್ನು 1789ರಲ್ಲಿ ಜರ್ಮನಿಯ ಕ್ಲಾಪ್ರೋತ್ ಇಟ್ಟದ್ದು ಅದಕ್ಕೆ ಎಂಟು ವರ್ಷ ಮೊದಲು ಪತ್ತೆಯಾಗಿದ್ದ ಯುರೇನಸ್ ಗ್ರಹದ ಮೇಲಿಂದ. ಗ್ರಹ ಪತ್ತೆ ಮಾಡಿದವನು ವಿಲಿಯಂ ಹರ್ಷಲ್, ಜಮಖಂಡಿಯಲ್ಲಿ ನಿಂತ ಲೆಫ್ಟಿನೆಂಟನ ಅಜ್ಜ. ಅಜ್ಜನ ಗ್ರಹದ ಹೆಸರು ಹೊತ್ತ ಕಲ್ಲಿನಲ್ಲಿ ಮೊಮ್ಮಗ ಕಂಡ ಬೆಳಕು. ಇದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ಕಟ್ಟುಕಥೆಯೆಂದು ಹೊಡೆದುಹಾಕುತ್ತಾರೆ.

ಕಲ್ಲಿನೊಳಗೆ ಹೀಲಿಯಂ ಏಕಿತ್ತು ಎನ್ನುವುದು ಆ ಮೇಲೆ ತಿಳಿಯಿತು. 1896ರಲ್ಲಿ ಬೆಕೆರೆಲ್ ಯುರೇನಿಯಂನ ವಿಕಿರಣ ಕಂಡ; 1898ರಲ್ಲಿ ಕ್ಯೂರಿ ದಂಪತಿ ಇದೇ ಅದಿರಿನಲ್ಲಿ ಪೊಲೋನಿಯಂ, ರೇಡಿಯಂ ಪತ್ತೆಮಾಡಿದರು. ಈ ಭಾಗ ಎಲ್ಲರಿಗೂ ಗೊತ್ತು. ಯುರೇನಿಯಂ 238ರ ಒಂದು ಪರಮಾಣು ಕರಗುತ್ತ ಕರಗುತ್ತ ಸೀಸವಾಗುವ ಹೊತ್ತಿಗೆ ಎಂಟು ಆಲ್ಫಾ ಕಣಗಳನ್ನು ಉಗುಳುತ್ತದೆ. ಒಂದೊಂದು ಆಲ್ಫಾ ಕಣವೂ ಒಂದೊಂದು ಹೀಲಿಯಂ ಆಗುತ್ತದೆ. ಅರ್ಧ ಯುರೇನಿಯಂ ಸೀಸವಾಗಲು ಸುಮಾರು 450 ಕೋಟಿ ವರ್ಷ ಬೇಕು. ಎಷ್ಟು ಸೀಸ ಕೂಡಿದೆ ಎಂದು ತೂಗಿ ಕಲ್ಲಿನ ವಯಸ್ಸು ಹೇಳಬಹುದೆಂದು ಅಮೆರಿಕದ ಬೋಲ್ಟ್‌ವುಡ್ 1907ರಲ್ಲಿ ತೋರಿಸಿದ. ಸಾವುಕಾರನ ಬಡ್ಡಿಯಂತೆ ಒಳಗೊಳಗೇ ಸೀಸ ಬೆಳೆಯುತ್ತಿರುತ್ತದೆ. ಬಡ್ಡಿ ನೋಡಿ ಸಾಲ ಎಂದು ತೆಗೆದದ್ದೆಂದು ಹೇಳಿದ ಹಾಗೆ.

ಈ ಕಾರಣಕ್ಕೇ ಖನಿಜ ಪಂಡಿತರು ಬಹಳ ವರ್ಷ ಈ ಕಪ್ಪು ಕಲ್ಲಿನ ಜಾತಿ ಕಟ್ಟುವಲ್ಲಿ ಒದ್ದಾಡಿದರು. ಯುರೇನಿನೈಟ್ ಮೂಲತಃ ಸರಳ: ಒಂದು ಯುರೇನಿಯಂಗೆ ಎರಡು ಆಕ್ಸಿಜನ್. ಆದರೆ ನೆಲದಲ್ಲಿ ಅದು ಶುದ್ಧವಾಗಿ ಸಿಗುವುದೇ ಇಲ್ಲ. ಸೀಸ ಕೂಡಿರುತ್ತದೆ, ಥೋರಿಯಂ ಸೇರಿರುತ್ತದೆ, ಅಪರೂಪದ ಮೃತ್ತಿಕಾ ಧಾತುಗಳಿರುತ್ತವೆ, ಒಂದು ಭಾಗ ಯುರೇನಿಯಂ ಹೆಚ್ಚು ಆಕ್ಸಿಜನ್ ಹಿಡಿದಿರುತ್ತದೆ. ಹೀಗಾಗಿ ಒಂದೊಂದು ಬೆರಕೆಗೆ ಒಂದೊಂದು ಹೆಸರು ಬಂತು. ರಾಮ್ಸೆಯ ಕ್ಲೀವೈಟ್, ಬ್ರೋಗರೈಟ್, ಹರಳಿಲ್ಲದೆ ದ್ರಾಕ್ಷಿ ಗೊಂಚಲಿನಂತೆ ಉಬ್ಬಿಕೊಂಡು ಬೆಳೆಯುವ ಪಿಚ್‌ಬ್ಲೆಂಡ್. ಎಕ್ಸ್-ಕಿರಣ ಹಾಯಿಸಿ ಹರಳಿನ ಒಳಗಟ್ಟು ನೋಡುವ ವಿದ್ಯೆ 1912ರ ನಂತರ ಬಂದ ಮೇಲೆ ಜಗಳ ಮುಗಿಯಿತು. ಎಲ್ಲವೂ ಒಂದೇ ಘನಾಕೃತಿಯ ಕಟ್ಟು, ಫ್ಲೋರೈಟಿನ ಕಟ್ಟು. ಕ್ಲೀವೈಟ್ ಈಗ ಸ್ವತಂತ್ರ ಖನಿಜವಲ್ಲ, ಯುರೇನಿನೈಟಿನ ಒಂದು ಬಗೆ ಅಷ್ಟೇ. ಥೋರಿಯಂ ಹೆಚ್ಚಿ ಯುರೇನಿಯಂ ಕಡಿಮೆಯಾದರೆ ಅದು ಥೋರಿಯಾನೈಟ್. ಇದನ್ನು 1904ರಲ್ಲಿ ಸಿಂಹಳದಲ್ಲಿ ಪತ್ತೆಮಾಡಿದವರು ಆನಂದ ಕುಮಾರಸ್ವಾಮಿ. ಹೌದು, ನಟರಾಜನ ನೃತ್ಯದ ಮೇಲೆ ಬರೆದ ಅವರೇ. ಕಲೆಯ ಕಡೆ ತಿರುಗುವ ಮುಂಚೆ ಅವರು ಸಿಂಹಳದ ಖನಿಜ ಸರ್ವೇಯ ಮುಖ್ಯಸ್ಥರಾಗಿದ್ದರು.

ಯುರೇನಿನೈಟ್ ಕೈಗೆ ಸಿಕ್ಕರೆ ಗುರುತು ಹಿಡಿಯುವುದು ಕಷ್ಟವಲ್ಲ. ಒಳ್ಳೆಯ ಹರಳಿನ ಸಾಪೇಕ್ಷ ಸಾಂದ್ರತೆ ಹತ್ತರ ಆಸುಪಾಸು. ಅದೇ ಗಾತ್ರದ ನಮ್ಮ ಕರಿಕಲ್ಲಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ಕಬ್ಬಿಣಕ್ಕಿಂತಲೂ ಭಾರ. ಪಿಚ್‌ಬ್ಲೆಂಡ್ ಸ್ವಲ್ಪ ಹಗುರು. ಡಾಂಬರಿನ ಹೊಳಪು, ಒರೆಗೆ ಕಂದು ಬೆರೆತ ಕಪ್ಪು ಗೆರೆ, ಕಠಿಣತೆ ಐದರಿಂದ ಆರು. ಹಾಗೆಂದು ಎತ್ತಿ ಜೇಬಿಗೆ ಹಾಕಿಕೊಳ್ಳುವ ಕಲ್ಲಲ್ಲ.

ಇನ್ನು ನೆಲದಡಿಯ ಪಾಲು. ಜತ್ತದ ಹಳೆಯ ಮನೆಗಳ ಪಡಸಾಲೆಗೆ ಹಾಸಿರುವುದು ಶಹಾಬಾದಿ ಫರಸಿ. ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗದವರು ಈ ಕಡೆ ಇರಲಿಕ್ಕಿಲ್ಲ. ಭೀಮಾ ತೀರದ ಸುಣ್ಣಕಲ್ಲು ಅದು, ನಮ್ಮ ಲಾವಾಕ್ಕಿಂತ ಎಷ್ಟೋ ಪಟ್ಟು ಹಳೆಯದು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನ ಬರೆದಾಗ ಈ ಶಿಲೆಗಳನ್ನೂ ಕಲಾದಗಿಯ ಶಿಲೆಗಳನ್ನೂ ವಿವರಿಸಿದ್ದ. ಅದೇ ಸುಣ್ಣಕಲ್ಲಿನ ದಕ್ಷಿಣದ ಅಂಚಿನಲ್ಲಿ, ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ, ಗೋಗಿ ಇದೆ. ನಮಗದು ದೂರದ ಊರಲ್ಲ: ಆದಿಲಶಾಹಿಯ ಮೊದಲ ನಾಲ್ವರು ಅರಸರು, ಯೂಸುಫ್‌ನಿಂದ ಮೊದಲನೆಯ ಇಬ್ರಾಹಿಮನವರೆಗೆ, ಅಲ್ಲಿಯ ಚಂದಾ ಹುಸೇನಿ ದರ್ಗಾದ ಬಳಿ ಮಣ್ಣಾಗಿದ್ದಾರೆ. ಜತ್ತದ ಡಫಳೆಯವರು ಆ ಮನೆತನದ ದೇಶಮುಖರು.

1990ರ ದಶಕದ ನಡುವೆ ಪರಮಾಣು ಖನಿಜ ನಿರ್ದೇಶನಾಲಯದವರು ಗೋಗಿಯ ಆಸುಪಾಸು ಕೊರೆದು ನೋಡಿದಾಗ ಪಿಚ್‌ಬ್ಲೆಂಡ್ ಸಿಕ್ಕಿತು. ಜೊತೆಗೆ ಕಾಫಿನೈಟ್, ಅದು ಸಿಲಿಕೇಟ್, ಆಕ್ಸೈಡ್ ಕುಲದ್ದಲ್ಲ. ಅದಿರು ಇಡೀ ಸುಣ್ಣಕಲ್ಲಿನಲ್ಲಿ ಹರಡಿಕೊಂಡಿಲ್ಲ. ಸುಣ್ಣಕಲ್ಲೂ ಗ್ರಾನೈಟೂ ಒಡೆದು ಪುಡಿಯಾದ ಸ್ತರಭಂಗದ ಗುಂಟ ಮಾತ್ರ ಇದೆ. ಇದರ ಹಿಂದೆ ನೀರಿನ ಕೈ ಇದೆ. ಆಕ್ಸಿಜನ್ ತುಂಬಿದ ನೀರು ಗ್ರಾನೈಟಿನ ಯುರೇನಿಯಂ ಕರಗಿಸಿಕೊಂಡು ಬಿರುಕುಗಳಲ್ಲಿ ಹರಿಯುತ್ತದೆ. ಗಂಧಕದ ಖನಿಜವಾದ ಪೈರೈಟ್ ಮತ್ತು ಹಳೆಯ ಜೀವದ ಇಂಗಾಲ ಇರುವ ಜಾಗಕ್ಕೆ ಬಂದರೆ ಆಕ್ಸಿಜನ್ ಕಳೆದುಕೊಳ್ಳುತ್ತದೆ, ಯುರೇನಿಯಂ ಕರಗಿರಲಾರದೆ ಕಪ್ಪು ಆಕ್ಸೈಡ್ ಆಗಿ ಗೋಡೆಗೆ ಅಂಟುತ್ತದೆ. ಆದ್ದರಿಂದ ಪಡಸಾಲೆಯ ಫರಸಿ ನೋಡಿ ಯಾರೂ ಹೆದರಬೇಕಾಗಿಲ್ಲ.

ಗೋಗಿಯ ಅದಿರು ಹುಲುಸಾದದ್ದು. 1967ರಿಂದ ಗಣಿಗಾರಿಕೆ ನಡೆದ ಜಾರ್ಖಂಡದ ಜಾದೂಗುಡಾದ ಅದಿರಿಗಿಂತ ಎರಡು-ಮೂರು ಪಟ್ಟು ಯುರೇನಿಯಂ ಇದರಲ್ಲಿದೆ. ಯುರೇನಿಯಂ ಕಾರ್ಪೊರೇಷನ್ ಗೋಗಿಯಲ್ಲಿ ಪರಿಶೋಧನೆಯ ಗಣಿ ತೋಡಿತು. ನೀರು ಕೆಡುತ್ತದೆ, ಆರೋಗ್ಯ ಹೋಗುತ್ತದೆ ಎಂದು ಊರವರು ವಿರೋಧಿಸಿದರು. ನಾನು ಅಲ್ಲಿಗೆ ಹೋಗಿದ್ದಾಗ ದರ್ಗಾದ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಯಾವ ಊರೆಂದು ಕೇಳಿ, "ನಿಮ್ಮ ಕಡೀಗೆ ನೆಲದಾಗ ಏನ್ ಸಿಗತೈತ್ರಿ?" ಎಂದರು. "ಬರೇ ಕರಿಕಲ್ಲ್ರಿ, ನೀರೂ ಇಲ್ಲ" ಎಂದೆ. "ಪುಣ್ಯವಂತರು ಬಿಡ್ರಿ" ಎಂದು ನಕ್ಕರು. ನೀರಿಲ್ಲದ ತಾಲೂಕಿನವನನ್ನು ಯಾರಾದರೂ ಪುಣ್ಯವಂತ ಎಂದದ್ದನ್ನು ನಾನು ಕೇಳಿದ್ದು ಅಲ್ಲಿಯೇ.

ಅವರ ಮಾತಿನಲ್ಲಿ ತಥ್ಯವಿದೆ. ಅದಿರನ್ನು ಕಟ್ಟಿದ್ದು ನೀರೇ ಆದ ಮೇಲೆ ಅದನ್ನು ಮತ್ತೆ ಕರಗಿಸುವುದೂ ನೀರೇ. ಕುಡಿಯುವ ನೀರಿನಲ್ಲಿ ಹೆಚ್ಚಿದ ಯುರೇನಿಯಂ ಕೆಡಿಸುವುದು ಮುಖ್ಯವಾಗಿ ಮೂತ್ರಪಿಂಡವನ್ನು, ಅದೂ ವಿಕಿರಣಕ್ಕಿಂತ ರಾಸಾಯನಿಕ ಗುಣದಿಂದ. ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.

ಗಣಿ ಬೇಕೋ ಬೇಡವೋ ಎಂದು ಜತ್ತದಲ್ಲಿ ಕುಳಿತು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಗಣಿ ಬರಲಿ ಬಿಡಲಿ, ಗೋಗಿ ಮತ್ತು ಸುತ್ತಲ ಊರುಗಳ ಒಂದೊಂದು ಬೋರಿನ ಅಳತೆಯನ್ನು, ಆ 30ರ ಪಕ್ಕದಲ್ಲಿಟ್ಟು, ಕನ್ನಡ ಅಂಕಿಗಳಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ವರ್ಷವರ್ಷವೂ ಬರೆಯಿಸಬೇಕು. ಅಳೆಯುವ ಯಂತ್ರ ಇರುವವರು ಇಷ್ಟನ್ನು ಮಾಡಲಿ.