ಪ್ಯಾಂಥಿಯನ್

ಇಟಲಿಯ ರೋಮ್ ನಗರದಲ್ಲಿ ಪಿಯಾತ್ಸಾ ದೆಲ್ಲಾ ರೊಟೊಂಡಾ ಚೌಕಕ್ಕೆ ಮುಖಮಾಡಿ ನಿಂತಿರುವ ಪ್ರಾಚೀನ ಕಟ್ಟಡ. ಮೊದಲು ರೋಮನ್ನರ ದೇವಾಲಯ. 609ರಿಂದ ಸಾಂತಾ ಮರಿಯಾ ಆದ್ ಮಾರ್ತಿರೆಸ್ ಎಂಬ ಚರ್ಚು.

ಮೂರನೆಯ ಬಾರಿ ಕಾನ್ಸಲ್ ಆಗಿದ್ದ ಮಾರ್ಕಸ್ ಅಗ್ರಿಪ್ಪ ಇದನ್ನು ಕಟ್ಟಿಸಿದನೆಂದು ಮುಖಮಂಟಪದ ಹಣೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದಿದೆ. ಅದನ್ನು ನಂಬಿದವರು ಸುಮಾರು ನೂರೈವತ್ತು ವರ್ಷ ಲೆಕ್ಕ ತಪ್ಪುತ್ತಾರೆ. ಅಗ್ರಿಪ್ಪ ಕ್ರಿ.ಪೂ. 27ರ ಸುಮಾರಿಗೆ ಕಟ್ಟಿಸಿದ್ದ ಗುಡಿ ಕ್ರಿ.ಶ. 80ರ ಬೆಂಕಿಯಲ್ಲಿ ಹಾಳಾಯಿತು. ಡೊಮಿಷಿಯನ್ ಅದನ್ನು ಸರಿಪಡಿಸಿದ. 110ರಲ್ಲಿ ಸಿಡಿಲು ಬಡಿದು ಮತ್ತೆ ಸುಟ್ಟಿತು. ಈಗ ನಿಂತಿರುವುದು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, 125ರ ಸುಮಾರಿಗೆ ಮುಗಿದ ಕಟ್ಟಡ. ಅವನು ತನ್ನ ಹೆಸರು ಕೆತ್ತಿಸಿಕೊಳ್ಳದೆ ಹಳಬನದನ್ನೇ ಉಳಿಸಿದ. ದೊರೆಗಳಲ್ಲಿ ಅಪರೂಪದ ಗುಣ. 1892ರಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ಜಾರ್ಜ್ ಶೆದಾನ್ ಇಟ್ಟಿಗೆಗಳ ಮೇಲಿನ ಮುದ್ರೆಗಳನ್ನು ಪರಿಶೀಲಿಸಿದ ಮೇಲೆ ಕಟ್ಟಡದ ನಿಜವಾದ ವಯಸ್ಸು ತಿಳಿಯಿತು.

ಗುಮ್ಮಟದ ಒಳವ್ಯಾಸ 43.3 ಮೀಟರು. ನೆಲದಿಂದ ನೆತ್ತಿಯ ಕಂಡಿಗೂ ಅಷ್ಟೇ ಎತ್ತರ. ಸರಳು ಹಾಕದೆ ಎರೆದ ಕಾಂಕ್ರೀಟಿನ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು. ಕಟ್ಟಿದವರ ಜಾಣತನವೆಲ್ಲ ಜಲ್ಲಿಯಲ್ಲಿದೆ: ಬುಡಕ್ಕೆ ಭಾರದ ಕಲ್ಲು, ಮೇಲೇರಿದಂತೆ ಹಗುರವಾದದ್ದು, ನೆತ್ತಿಯ ಸುತ್ತ ರಂಧ್ರಗಳಿಂದ ತುಂಬಿದ ಜ್ವಾಲಾಮುಖಿ ಕಲ್ಲು. ದಪ್ಪವೂ ಬುಡದಲ್ಲಿ 6 ಮೀಟರಿಗೆ ಮಿಕ್ಕಿದ್ದು ಕಂಡಿಯ ಅಂಚಿಗೆ 1.2 ಮೀಟರಿಗೆ ಇಳಿಯುತ್ತದೆ. ಒಳಮೈಯಲ್ಲಿ ಸಾಲಿಗೆ 28ರಂತೆ 5 ಸಾಲು ತಗ್ಗುಚೌಕಗಳು. ಅವೂ ಭಾರ ಇಳಿಸುತ್ತವೆ. ಕಂಡಿಗೆ ಗಾಜಿಲ್ಲ, ಮುಚ್ಚಳವಿಲ್ಲ. ಮಳೆ ಒಳಗೆ ಬೀಳುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ, ಧಾರಾಳವಾಗಿ ಬೀಳುತ್ತದೆ. ತುಸು ಉಬ್ಬಿದ ಅಮೃತಶಿಲೆಯ ನೆಲದ ಮೇಲೆ ಹರಿದು, ಅಲ್ಲಲ್ಲಿ ಕೊರೆದ ಸಣ್ಣ ತೂತುಗಳಲ್ಲಿ ಇಂಗಿ ಕೆಳಗಿನ ಚರಂಡಿ ಸೇರುತ್ತದೆ.

ರೋಮಿನ ಎಷ್ಟೋ ಗುಡಿಗಳು ಕಲ್ಲು ಕೀಳುವ ಗಣಿಗಳಾದವು. ಇದು ಉಳಿದದ್ದು ಚರ್ಚಾಗಿ ಬದಲಾದ ಕಾರಣ. ಬೈಜಾಂಟಿಯಮ್ಮಿನ ಚಕ್ರವರ್ತಿ ಫೋಕಾಸ್ ಕಟ್ಟಡವನ್ನು ಪೋಪ್ ನಾಲ್ಕನೆಯ ಬೊನಿಫೇಸನಿಗೆ ಬಿಟ್ಟುಕೊಟ್ಟ. ಪೋಪ್ ಅದನ್ನು ಮೇರಿಮಾತೆಗೂ ರಕ್ತಸಾಕ್ಷಿಗಳಿಗೂ ಅರ್ಪಿಸಿದ. ಆದರೂ ಲೂಟಿ ತಪ್ಪಲಿಲ್ಲ. ದೋಚಿದವರು ಕ್ರೈಸ್ತ ಪ್ರಭುಗಳೇ. 663ರಲ್ಲಿ ಚಕ್ರವರ್ತಿ ಎರಡನೆಯ ಕಾನ್‌ಸ್ಟನ್ಸ್ ಚಾವಣಿಯ ಕಂಚಿನ ಹೆಂಚು ಕೀಳಿಸಿದ. ಸುಮಾರು 1625ರಲ್ಲಿ ಬಾರ್ಬೆರೀನಿ ಮನೆತನದ ಪೋಪ್ ಎಂಟನೆಯ ಅರ್ಬನ್ ಮುಖಮಂಟಪದ ಕಂಚಿನ ತೊಲೆಗಳನ್ನು ಇಳಿಸಿ, ಬಹುಪಾಲನ್ನು ಫಿರಂಗಿಗಳಿಗೆ ಎರಕ ಹೊಯ್ಯಿಸಿದ. ಬರ್ಬರರು ಬಿಟ್ಟದ್ದನ್ನು ಬಾರ್ಬೆರೀನಿಗಳು ಮುಗಿಸಿದರೆಂದು ಊರ ಜನ ಆಡಿಕೊಂಡರು. ಅವನು ಮೇಲೆ ಕಟ್ಟಿಸಿದ ಜೋಡಿ ಗಂಟೆಗೋಪುರಗಳಿಗೆ ‘ಕತ್ತೆಕಿವಿ’ ಎಂಬ ಅಡ್ಡಹೆಸರು ಬಿತ್ತು. 1883ರಲ್ಲಿ ಅವನ್ನು ಕೆಡವಿದ್ದು ಒಳ್ಳೆಯದೇ ಆಯಿತು.

ಚಿತ್ರಕಾರ ರಾಫೆಲ್ (ಮರಣ 1520), ಏಕೀಕೃತ ಇಟಲಿಯ ಮೊದಲ ದೊರೆ ಎರಡನೆಯ ವಿತ್ತೋರಿಯೊ ಇಮಾನುಯೆಲೆ ಇಲ್ಲಿ ಸಮಾಧಿಯಾಗಿದ್ದಾರೆ. ಪೆಂತೆಕೋಸ್ತ್ ಹಬ್ಬದ ಭಾನುವಾರ ಅಗ್ನಿಶಾಮಕ ದಳದವರು ಗುಮ್ಮಟವೇರಿ ಕಂಡಿಯಿಂದ ಕೆಂಪು ಗುಲಾಬಿ ಎಸಳು ಸುರಿಯುತ್ತಾರೆ. 2023ರ ಜುಲೈಯಿಂದ ಪ್ರವಾಸಿಗರಿಗೆ ಟಿಕೆಟ್ ಇದೆ. ಬಲಿಪೂಜೆಗೆ ಬರುವವರಿಗೆ ಇಲ್ಲ.