ಹಿಂದಿನ ಕಾಲದ ಶಸ್ತ್ರವೈದ್ಯವೂ ಕಾವಸ್‌ಜಿಯ ಮೂಗೂ

ಈ ಕಾಲದ ರೋಗಿಯು ಶಸ್ತ್ರಚಿಕಿತ್ಸೆಗೆಂದು ಮಲಗಿದರೆ, ನಿದ್ರೆಗೆ ಸಮನಾದ ಮೈಮರೆವಿನಲ್ಲಿ ಎಲ್ಲವೂ ಮುಗಿದು, ಎಚ್ಚರಗೊಂಡಾಗ ಗಾಯಕ್ಕೆ ಕಟ್ಟು ಬಿದ್ದಿರುವುದನ್ನು ಕಾಣುತ್ತಾನೆ. ಈ ಸೌಕರ್ಯವು ಎರಡು ಶತಮಾನಗಳಷ್ಟೂ ಹಳೆಯದಲ್ಲ. ಅದಕ್ಕೆ ಮೊದಲು, ರಾಜನೇ ಆಗಲಿ ರೈತನೇ ಆಗಲಿ, ಶಸ್ತ್ರದ ಅಲಗು ತನ್ನ ಮಾಂಸವನ್ನು ಸೀಳುವುದನ್ನು ಎಚ್ಚರದಲ್ಲಿಯೇ ಸಹಿಸಬೇಕಾಗಿದ್ದಿತು. ಆ ಕಾಲದ ಶಸ್ತ್ರವೈದ್ಯವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುವುವು. ಸಕಲವೂ ಸುಶ್ರುತನಲ್ಲಿಯೇ ಉಂಟೆಂದು ಹೆಮ್ಮೆಪಡುವವರು ಕೆಲವರು. ಹಿಂದಿನದೆಲ್ಲವೂ ಅಜ್ಞರ ಕಟುಕತನವೆಂದು ಹಳಿಯುವವರು ಮತ್ತೆ ಕೆಲವರು. ಕನ್ನಡ ನಾಡಿನ ಯುದ್ಧವೊಂದರಲ್ಲಿ ಮೂಗನ್ನು ಕಳೆದುಕೊಂಡ ಒಬ್ಬ ಬಡ ಎತ್ತಿನಾಳಿನ ಕಥೆಯು ಈ ಎರಡು ಮಾತುಗಳಿಗೂ ಉತ್ತರವನ್ನು ಹೇಳುವಂತಿದೆ.

ಮೊದಲು ಶಾಸ್ತ್ರದ ಮಾತನ್ನು ವಿಚಾರಿಸಬಹುದು. ಸುಶ್ರುತಸಂಹಿತೆಯಲ್ಲಿ 101 ಯಂತ್ರಗಳೂ 20 ಶಸ್ತ್ರಗಳೂ ಹೇಳಲ್ಪಟ್ಟಿವೆ. ಛೇದನ, ಭೇದನ, ಲೇಖನ, ವೇಧನ ಮೊದಲಾಗಿ ಶಸ್ತ್ರಕರ್ಮವು ಎಂಟು ಬಗೆ. ಶಿಷ್ಯನು ಮನುಷ್ಯನ ಮೈಮೇಲೆ ಶಸ್ತ್ರವನ್ನಿಡುವ ಮೊದಲು ಕುಂಬಳಕಾಯಿ ಸೋರೆಕಾಯಿಗಳನ್ನು ಕತ್ತರಿಸಿ, ನೀರು ತುಂಬಿದ ತೊಗಲಿನ ಚೀಲವನ್ನು ಸೀಳಿ, ಕಮಲದ ದಂಟನ್ನು ಚುಚ್ಚಿ ಕೈಯನ್ನು ಪಳಗಿಸಿಕೊಳ್ಳತಕ್ಕದ್ದು. ದೇಹದ ಒಳರಚನೆಯನ್ನು ತಿಳಿಯಲು ಶವವನ್ನು ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಗೊಟ್ಟು, ಆಮೇಲೆ ಲಾವಂಚದ ಬೇರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ ಪದರಪದರವಾಗಿ ಕಣ್ಣಾರೆ ನೋಡತಕ್ಕದ್ದು. ಓದು ಮಾತ್ರ ಉಳ್ಳವನನ್ನೂ ಕೈಚಳಕ ಮಾತ್ರ ಉಳ್ಳವನನ್ನೂ ಆ ಆಚಾರ್ಯನು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿದ್ದಾನೆ. ಈ ಉಪಮೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಇಷ್ಟು ತಿಳಿದಿದ್ದವನಿಗೂ ಶಸ್ತ್ರಕರ್ಮವು ಭಯಂಕರವೆಂಬುದು ಚೆನ್ನಾಗಿ ಗೊತ್ತಿದ್ದಿತು. ನೋವನ್ನು ಮರೆಯಿಸಲು ಅವನಲ್ಲಿದ್ದುದು ಮದ್ಯವೊಂದೇ. ಅದನ್ನೂ, ಶಸ್ತ್ರಕ್ಕೆ ಮುಂಚೆ ಕೊಡುವ ಆಹಾರವನ್ನೂ, ಉದರ, ಮೂಲವ್ಯಾಧಿ, ಅಶ್ಮರಿ ಮುಂತಾದ ಕೆಲವು ರೋಗಗಳಲ್ಲಿ ಕೊಡುವಂತಿರಲಿಲ್ಲ. ಆ ರೋಗಿಗಳು ಬರಿಯ ಹೊಟ್ಟೆಯಲ್ಲಿಯೇ ಎಲ್ಲವನ್ನೂ ಸಹಿಸಬೇಕಾಗಿದ್ದಿತು. ಮೂತ್ರಾಶಯದ ಕಲ್ಲನ್ನು ತೆಗೆಯುವಾಗ ಧೈರ್ಯವುಳ್ಳ ಬಲಿಷ್ಠನೊಬ್ಬನ ತೊಡೆಯ ಮೇಲೆ ರೋಗಿಯ ಮೈಯನ್ನು ಒರಗಿಸಿ, ಮೊಣಕಾಲುಗಳನ್ನು ಮಡಿಸಿ, ಬಟ್ಟೆಯಿಂದ ಬಿಗಿಯಾಗಿ ಕಟ್ಟುತ್ತಿದ್ದರು. ಇಂತಹ ಕಾರ್ಯಕ್ಕೆ ಮೊದಲು ಅರಸನ ಅನುಮತಿಯನ್ನು ಪಡೆಯಬೇಕೆಂಬ ವಿಧಿಯುಂಟು. ಶಸ್ತ್ರವನ್ನಿಡದಿದ್ದರೆ ಮರಣವು ನಿಶ್ಚಯ, ಇಟ್ಟರೆ ಬದುಕು ಸಂಶಯ. ಸಂಶಯದ ದಾರಿಯನ್ನೇ ಹಿಡಿಯಬೇಕಾದಾಗ ವೈದ್ಯನ ಮೇಲೆ ಕೊಲೆಯ ಅಪವಾದವು ಬರಬಾರದಷ್ಟೆ. ಶಾಸ್ತ್ರಕಾರನು ತನ್ನ ಶಕ್ತಿಯ ಎಲ್ಲೆಯನ್ನು ಮರೆಮಾಚಿಲ್ಲವೆಂಬುದೇ ಅವನ ಹಿರಿಮೆ.

ಆದರೆ ಕಾಲಕ್ರಮದಲ್ಲಿ ಹಕ್ಕಿಯ ಎರಡು ರೆಕ್ಕೆಗಳು ಬೇರೆಬೇರೆಯಾದುವು. ಶವವನ್ನು ಮುಟ್ಟುವುದೂ ರಕ್ತಪೂಯಗಳಲ್ಲಿ ಕೈಯಿಡುವುದೂ ಮೈಲಿಗೆಯೆಂದು ಎಣಿಸಲ್ಪಟ್ಟಿತು. ವೈದ್ಯನ ಅನ್ನವು ಕೀವಿಗೆ ಸಮಾನವೆಂದು ಮನುಸ್ಮೃತಿಯು ಹೇಳಿದ ಮೇಲೆ, ಕುಲೀನನಾದ ವಿದ್ಯಾರ್ಥಿಯು ಸುಶ್ರುತನನ್ನು ಕಂಠಪಾಠ ಮಾಡಿದನಲ್ಲದೆ ಶಸ್ತ್ರವನ್ನು ಹಿಡಿಯಲು ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ. ಕುರುವನ್ನು ಕೊಯ್ಯುವುದು ಕ್ಷೌರಿಕನ ಪಾಲಿಗೆ ಬಂದಿತು. ಹೆರಿಗೆಯು ಸೂಲಗಿತ್ತಿಯ ಪಾಲಿಗೆ. ಕಣ್ಣಿನ ಪೊರೆಯನ್ನು ಸೂಜಿಯಿಂದ ಪಕ್ಕಕ್ಕೆ ತಳ್ಳುವುದು ಊರೂರು ತಿರುಗುವವರ ಪಾಲಿಗೆ. ಮುರಿದ ಎಲುಬನ್ನು ಕಟ್ಟುವವನೊಬ್ಬನಾದರೆ, ಕಾದ ಕಬ್ಬಿಣದಿಂದ ಬರೆ ಹಾಕುವವನು ಮತ್ತೊಬ್ಬನು. ಪಾಠಶಾಲೆಯಲ್ಲಿ ಶ್ಲೋಕವು ಉಳಿಯಿತು; ಕೈಯು ಬೀದಿಗೆ ಹೋಯಿತು.

ಹೀಗಿರಲು, 1790ರಿಂದ 1792ರ ವರೆಗೆ ಟೀಪು ಸುಲ್ತಾನನಿಗೂ, ಆಂಗ್ಲ ಕಂಪೆನಿ, ಮರಾಠರು, ನಿಜಾಮ ಈ ಮೂವರ ಕೂಟಕ್ಕೂ ಯುದ್ಧವು ನಡೆಯಿತು. ಹರಿಹರ, ಕೊಂಡಜ್ಜಿಗಳ ಸೀಮೆಯು ದಂಡುಗಳ ತುಳಿತವನ್ನು ಮೊದಲೇ ಬಲ್ಲುದಾಗಿದ್ದಿತು. 1763ರಲ್ಲಿ ಹೈದರನ ವಶವಾದ ಹರಿಹರವು ಅನಂತರ ಮರಾಠರಿಗೂ ಮೈಸೂರಿನವರಿಗೂ ಕೈಯಿಂದ ಕೈಗೆ ಬದಲಾಗುತ್ತಿದ್ದಿತು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯವು ಧಾರವಾಡವನ್ನು ಹಿಡಿದು, ತುಂಗಭದ್ರೆಯನ್ನು ದಾಟಿ ದಕ್ಷಿಣಕ್ಕೆ ನಡೆಯಿತು. ಅದರ ಜೊತೆಯಲ್ಲಿ ಕ್ಯಾಪ್ಟನ್ ಲಿಟಲ್ಲನ ಬೊಂಬಾಯಿ ತುಕಡಿಯೂ ಇದ್ದಿತು. ಆ ತುಕಡಿಯ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿಯು ಜೂನ್ ತಿಂಗಳಿನಲ್ಲಿ ಭುಜಕ್ಕೆ ಗುಂಡು ತಗಲಿಸಿಕೊಂಡು, ವರ್ಷದ ಕೊನೆಗೆ ಶಿವಮೊಗ್ಗೆಯ ಬಳಿಯ ಗಾಜನೂರಿನ ಕಾಳಗದಲ್ಲಿ ಮತ್ತೆರಡು ಗಾಯಗಳನ್ನು ಹೊಂದಿ, ಬೊಂಬಾಯಿಗೆ ಹಿಂದಿರುಗಿ, 1794ರಲ್ಲಿ ಆ ದಂಡಯಾತ್ರೆಯ ವೃತ್ತಾಂತವನ್ನು ಅಚ್ಚು ಹಾಕಿಸಿದನು. ಅಧಿಕಾರಿಯ ಗಾಯಕ್ಕೆ ಪುಸ್ತಕದಲ್ಲಿ ಸ್ಥಳವುಂಟು. ದಂಡಿನ ಹೇರೆತ್ತುಗಳನ್ನು ಹೊಡೆಯುತ್ತಿದ್ದ ಸಾವಿರಾರು ಬಡವರ ಗಾಯಗಳನ್ನು ಬರೆದವರಾರು?

ಅವರಲ್ಲಿ ಒಬ್ಬನ ಕಥೆ ಮಾತ್ರ ಉಳಿದುಬಂದಿದೆ. ಅವನ ಹೆಸರು ಕಾವಸ್‌ಜಿ. ಒಕ್ಕಲುತನದ ಕುಲದ ಮರಾಠನು. ಆಂಗ್ಲರ ಸೈನ್ಯದಲ್ಲಿ ಎತ್ತು ಹೊಡೆಯುವ ಆಳು. ಟೀಪುವಿನ ಕಡೆಯವರಿಗೆ ಸೆರೆಸಿಕ್ಕಿದ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಈ ವಾರ್ತೆಯು ಶತ್ರುಪಕ್ಷದವರ ಬರಹದಿಂದ ಬಂದುದೆಂಬುದನ್ನು ಮರೆಯಲಾಗದು. ಅಂಗಚ್ಛೇದವು ಒಬ್ಬ ಅರಸನ ಸೃಷ್ಟಿಯೂ ಅಲ್ಲ. ಹದಿನೇಳನೆಯ ಶತಮಾನದ ನಡುವೆ ಮೈಸೂರು ಮಧುರೆಗಳ ಯುದ್ಧದಲ್ಲಿ ಎರಡು ಪಕ್ಷದವರೂ ಮೂಗು ಕೊಯ್ದು ಸೇಡು ತೀರಿಸಿಕೊಂಡರೆಂದು ಅಂದಿನ ಕ್ರೈಸ್ತ ಪಾದ್ರಿಗಳ ಪತ್ರಗಳು ತಿಳಿಸುತ್ತವೆ. ಮೂಗು ಹೋದವನು ಸಾಯುವುದಿಲ್ಲ. ಆದರೆ ಅವಮಾನವನ್ನು ಮುಖದ ಮೇಲೆ ಹೊತ್ತು ತಿರುಗುತ್ತಾನೆ. ಮಾನಕ್ಕೂ ಮೂಗಿಗೂ ಇರುವ ನಂಟು ಕನ್ನಡಿಗರಿಗೆ ವಿವರಿಸಬೇಕಾದುದಲ್ಲ.

ಕಾವಸ್‌ಜಿಯು ಶ್ರೀರಂಗಪಟ್ಟಣದ ಬಳಿ ಬೊಂಬಾಯಿ ದಂಡನ್ನು ಸೇರಿ, ಕಂಪೆನಿಯ ವಿಶ್ರಾಂತಿವೇತನವನ್ನು ಪಡೆದು, ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದನು. ಅನಂತರ, 1793ರಲ್ಲಿ, ಪುಣೆಯ ಸಮೀಪದಲ್ಲಿದ್ದ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಕಟ್ಟಿದನು. ಬೊಂಬಾಯಿಯ ವೈದ್ಯರಾದ ಥಾಮಸ್ ಕ್ರೂಸೋ ಮೊದಲಾದವರು ಇದನ್ನು ಪ್ರತ್ಯಕ್ಷವಾಗಿ ನೋಡಿದರು. ಮೊದಲು ಮೇಣದ ತೆಳುವಾದ ಹಾಳೆಯನ್ನು ಮೂಗಿನ ಮೋಟಿನ ಮೇಲೆ ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲೆ ಹರಡಿ, ಸುತ್ತಲೂ ಗೆರೆಯನ್ನು ಎಳೆದನು. ಆ ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿದನು. ಹೊಸ ಮೂಗು ಕೂಡಿಕೊಳ್ಳುವ ವರೆಗೆ ಅದಕ್ಕೆ ರಕ್ತವು ಹರಿಯತಕ್ಕದ್ದು ಆ ಪಟ್ಟಿಯಿಂದಲೇ. ಬಳಿಕ ಮೋಟಿನ ಹಳೆಯ ಕಲೆಯನ್ನು ಹೆರೆದು ಹಸಿ ಮಾಡಿ, ಅದರ ಸುತ್ತ ಸೀಳು ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅದರ ಅಂಚನ್ನು ಸೀಳಿನಲ್ಲಿ ಸೇರಿಸಿದನು. ಹೊಲಿಗೆಯಿಲ್ಲ, ನೀರಿನಲ್ಲಿ ನಾದಿದ ಕಾಚನ್ನು ಬಟ್ಟೆಯ ಚೂರುಗಳಿಗೆ ಸವರಿ ಐದಾರು ಪದರ ಅಂಟಿಸಿದುದೇ ಕಟ್ಟು. ನಾಲ್ಕು ದಿನಗಳ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಇಟ್ಟರು. ಐದಾರು ದಿನ ರೋಗಿಯು ಅಂಗಾತನಾಗಿಯೇ ಮಲಗಿರಬೇಕು; ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆಯನ್ನು ತುರುಕುವುದು; ಸುಮಾರು ಇಪ್ಪತ್ತೈದನೆಯ ದಿನ ಹುಬ್ಬುಗಳ ನಡುವಣ ಪಟ್ಟಿಯನ್ನು ಕತ್ತರಿಸುವುದು. ಇವೆಲ್ಲವೂ ನಡೆದುದು ಎಚ್ಚರವಿದ್ದ ಮನುಷ್ಯನ ಮುಖದ ಮೇಲೆ ಎಂಬುದನ್ನು ಊಹಿಸಿದರೆ ಮೈ ಜುಮ್ಮೆನ್ನುತ್ತದೆ.

ಸುಶ್ರುತನ ಸೂತ್ರಸ್ಥಾನದಲ್ಲಿಯೂ ಹೊಸ ಮೂಗಿನ ವಿಧಿಯುಂಟು. ಅಲ್ಲಿ ಅಳತೆಗೆ ಮೇಣವಲ್ಲ, ಮರದ ಎಲೆ. ಚರ್ಮವು ಹಣೆಯದಲ್ಲ, ಕೆನ್ನೆಯದು. ಇಟ್ಟಿಗೆಯವನ ವಿಧಿಯು ಗ್ರಂಥದ ಯಥಾಪ್ರತಿಯಲ್ಲ. ಹಣೆಯ ಚರ್ಮವು ದೃಢವಾದುದು. ಅಲ್ಲಿಯ ಕಲೆಯೂ ಕಾಲಕ್ರಮದಲ್ಲಿ ಮಾಸುವುದು. ಇಂದಿನ ಶಸ್ತ್ರವೈದ್ಯರೂ ಮೂಗನ್ನು ಕಟ್ಟುವಾಗ ಹಣೆಯ ಚರ್ಮವನ್ನು ಉಪಯೋಗಿಸುತ್ತಾರೆ. ಗ್ರಂಥವನ್ನು ಓದಿದವರು ಕೈಯನ್ನು ಬಿಟ್ಟ ಕಾಲದಲ್ಲಿ, ಕೈಯುಳ್ಳವರು ಗ್ರಂಥದ ವಿಧಿಗಿಂತ ಒಂದು ಹೆಜ್ಜೆ ಮುಂದಕ್ಕೆ ಹೋಗಿದ್ದರೆಂಬುದು ಸ್ಪಷ್ಟ.

1794ರ ಜನವರಿಯಲ್ಲಿ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರನು ಕಾವಸ್‌ಜಿಯ ಚಿತ್ರವನ್ನು ಬರೆದನು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯು ಈ ವರದಿಯನ್ನು ಪ್ರಕಟಿಸಿತು. ಜೋಸೆಫ್ ಕಾರ್ಪ್ಯೂ ಎಂಬ ಆಂಗ್ಲ ವೈದ್ಯನು ಈ ವಿಧಾನವನ್ನು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಜೀವಂತ ರೋಗಿಯ ಮೇಲೆ ಪ್ರಯೋಗಿಸಿ, 1816ರಲ್ಲಿ ಗ್ರಂಥವನ್ನೇ ಬರೆದನು. ನೋಡಿದವನ ಹೆಸರುಂಟು, ಚಿತ್ರ ಬರೆದವನ ಹೆಸರುಂಟು, ಅನುಕರಿಸಿದವನ ಹೆಸರುಂಟು, ರೋಗಿಯ ಹೆಸರೂ ಉಂಟು. ಮೂಗನ್ನು ಕಟ್ಟಿದವನ ಹೆಸರು ಮಾತ್ರ ಆ ವರದಿಯಲ್ಲಿಲ್ಲ; ಅವನ ಕುಲವನ್ನು ಬರೆದು ಬಿಟ್ಟಿದ್ದಾರೆ. ಅದನ್ನು ಬರೆದಿಡಬೇಕೆಂದು ಈ ನಾಡಿನ ಪಂಡಿತರಿಗೂ ತೋರಲಿಲ್ಲ.

ಹೀಗೆಂದು ಆ ಕಾಲವನ್ನು ಹೊಗಳಿ ಹಾಡುವಂತಿಲ್ಲ. ಮುಖದಲ್ಲಿ ರಕ್ತನಾಳಗಳು ಹೇರಳವಾದುದರಿಂದ ಅಲ್ಲಿಯ ಗಾಯಗಳು ಬೇಗ ಮಾಯುವುವು. ಅದೇ ಶಸ್ತ್ರವು ಹೊಟ್ಟೆಯನ್ನೋ ತೊಡೆಯನ್ನೋ ಹೊಕ್ಕಿದ್ದರೆ ಗಾಯವು ಕೊಳೆತು ರೋಗಿಯು ಸಾಯುವ ಭಯವೇ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿಯೂ ಸ್ಥಿತಿಯು ಮೇಲಾಗಿರಲಿಲ್ಲ. ಅಲ್ಲಿ ಕಾಲನ್ನು ಕೆಲವೇ ನಿಮಿಷಗಳಲ್ಲಿ ಕತ್ತರಿಸಬಲ್ಲವನೇ ನಿಪುಣನೆನಿಸುತ್ತಿದ್ದನು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರಿನ ಪ್ರಯೋಗವು ಸಫಲವಾದ ಮೇಲೆ ನೋವು ಅಡಗಿತು. 1847ರಲ್ಲಿ ಅದು ಕಲ್ಕತ್ತೆಗೂ ಬಂದಿತು. 1867ರಲ್ಲಿ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯದ ಕೊಳೆತವನ್ನು ತಡೆಯುವ ಕ್ರಮವನ್ನು ಪ್ರಕಟಿಸಿದನು. ಈ ಎರಡು ವರಗಳಿಲ್ಲದೆ ಎಂತಹ ಕೈಚಳಕವೂ ದೇಹದ ಒಳಭಾಗಕ್ಕೆ ಹೋಗುವಂತಿರಲಿಲ್ಲ.

ಮುರಿದ ರೆಕ್ಕೆಯು ಮತ್ತೆ ಕೂಡಿಕೊಂಡುದು 1836ರಲ್ಲಿ. ಕಲ್ಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಕಲಿತು, ಅಲ್ಲಿಯೇ ಬೋಧಿಸಿದ್ದ ಮಧುಸೂದನ ಗುಪ್ತನು ಆ ವರ್ಷ ವೈದ್ಯಕೀಯ ಕಾಲೇಜಿನಲ್ಲಿ, ಜನಾಪವಾದಕ್ಕೆ ಅಂಜದೆ, ಶವಚ್ಛೇದವನ್ನು ಮಾಡಿದನು. ಸುಶ್ರುತನನ್ನು ಓದಿದವನೊಬ್ಬನು ಸುಶ್ರುತನು ಹೇಳಿದುದನ್ನು ಮಾಡಿ ತೋರಿಸಿದನು. ಇದಕ್ಕಿಂತ ದೊಡ್ಡ ಗುರುದಕ್ಷಿಣೆಯುಂಟೆ? 1965ರಲ್ಲಿ ಕೊಂಡಜ್ಜಿಗೆ ಸಮೀಪದ ದಾವಣಗೆರೆಯಲ್ಲಿಯೇ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಅಲ್ಲಿ ಶವದ ಮುಂದೆ ನಿಂತು ಕಲಿಯುವ ಮಕ್ಕಳಲ್ಲಿ ಕುಲಭೇದವಿಲ್ಲ; ಒಕ್ಕಲಿಗನ ಮಗಳೂ, ಕುಂಬಾರನ ಮಗನೂ, ಶಾಸ್ತ್ರಿಯ ಮೊಮ್ಮಗನೂ ಒಂದೇ ಶಸ್ತ್ರವನ್ನು ಹಿಡಿಯಬಹುದು. ಹೆಸರಿಲ್ಲದ ಆ ಇಟ್ಟಿಗೆಯವನಿಗೆ ಸಲ್ಲಬೇಕಾದ ಗೌರವವು ಇಷ್ಟು ತಡವಾಗಿಯಾದರೂ ಅವನ ಕೈಕಸುಬಿನ ಉತ್ತರಾಧಿಕಾರಿಗಳ ಮೂಲಕ ಸಲ್ಲುತ್ತಿದೆ.