ಬಾಗಿಲು ತೆರೆದ ಅಂಗಡಿಯಲ್ಲಿ ಚಳಿ ಯಾರ ಹೊಣೆ?

ಒಂದು ಮೀನಂಗಡಿ ಅಂದ್ಕೊಳ್ಳಿ. ಜಾಗ ಇಂಗ್ಲೆಂಡ್, ತಿಂಗಳು ಜನವರಿ. ಗಿರಾಕಿ ಬರಬೇಕು, ಅದಕ್ಕೆ ಮುಂಭಾಗ ತೆರೆದೇ ಇರುತ್ತೆ. ಒಳಗೆ ಬಿಸಿ ಮಾಡಿದ್ರೆ ಮೀನು ಕೆಡುತ್ತೆ. ಹಾಗಾದ್ರೆ ಮಂಜುಗಡ್ಡೆ ಪಕ್ಕ ದಿನವಿಡೀ ನಿಲ್ಲೋ ಕೆಲಸಗಾರನ ಗತಿ ಏನು? ಬ್ರಿಟಿಷ್ ಕಾನೂನು ಇದಕ್ಕೆ ಕೊಟ್ಟ ಉತ್ತರವೇ ಇವತ್ತಿನ ಕಥೆ.

ಕಾರ್ಖಾನೆಗಳಿಗೆ 1937ರ ಫ್ಯಾಕ್ಟರೀಸ್ ಆಕ್ಟ್‌ನಲ್ಲೇ ಒಂದು ಅಂಕಿ ಇತ್ತು. ಹೆಚ್ಚಾಗಿ ಕೂತು ಮಾಡುವ ಹಗುರ ಕೆಲಸವಾದ್ರೆ, ಮೊದಲ ಗಂಟೆಯ ನಂತರ ಕೋಣೆಯಲ್ಲಿ ಕನಿಷ್ಠ 60 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಅಂಗಡಿಗಳಿಗೆ ಸಿಕ್ಕಿದ್ದು ‘ಸಮಂಜಸ ತಾಪಮಾನ’ ಅನ್ನೋ ಮಾತು ಮಾತ್ರ. 1949ರಲ್ಲಿ ಸರ್ ಅರ್ನೆಸ್ಟ್ ಗೋವರ್ಸ್ ಸಮಿತಿ, ಕಾರ್ಖಾನೆಯ ಹೊರಗಿನ ಕೆಲಸಗಾರರಿಗೂ ರಕ್ಷಣೆ ಬೇಕು ಅಂತ ವರದಿ ಕೊಡ್ತು. ಪೂರ್ಣ ಕಾನೂನು ಬರೋಕೆ 14 ವರ್ಷ ಬೇಕಾಯ್ತು.

ಅದೇ 1963ರ ಆಫೀಸಸ್, ಶಾಪ್ಸ್ ಅಂಡ್ ರೈಲ್ವೇ ಪ್ರಿಮಿಸಸ್ ಆಕ್ಟ್. ಮೊದಲ ಗಂಟೆಯ ನಂತರ ಕನಿಷ್ಠ 16 ಡಿಗ್ರಿ ಸೆಲ್ಸಿಯಸ್. ಪ್ರತಿ ಮಹಡಿಯಲ್ಲೂ ಎಲ್ಲರಿಗೂ ಕಾಣುವಂತೆ ಒಂದು ಥರ್ಮಾಮೀಟರ್. ಅಂದ್ರೆ ‘ಚಳಿ ಆಗ್ತಿದೆ’ ಅನ್ನೋದು ಬರೀ ಗೊಣಗಾಟ ಅಲ್ಲ, ಗೋಡೆ ಮೇಲಿನ ಸಾಕ್ಷಿ.

ಗಿರಾಕಿಗಳು ಓಡಾಡುವ, ಬಿಸಿ ನಿಲ್ಲದ ಜಾಗಕ್ಕೆ, ಸರಕು ಕೆಡುವ ಜಾಗಕ್ಕೆ ವಿನಾಯಿತಿ ಇತ್ತು. ಆದ್ರೆ ಪುಕ್ಕಟೆ ಅಲ್ಲ. ಅಲ್ಲಿ ಕೆಲಸಗಾರರು ಮೈ ಬೆಚ್ಚಗೆ ಮಾಡ್ಕೊಳ್ಳೋಕೆ ಹತ್ತಿರದಲ್ಲೇ ವ್ಯವಸ್ಥೆ ಇರಬೇಕು, ಅದನ್ನ ಬಳಸೋಕೆ ಅವಕಾಶವನ್ನೂ ಕೊಡಬೇಕು. ನನಗೆ ಮುಖ್ಯ ಅನ್ಸೋದು ಈ ಎರಡನೇ ಮಾತು. ಹೀಟರ್ ಇಟ್ಟು, ‘ಕೌಂಟರ್ ಬಿಟ್ಟು ಕದಲಬೇಡ’ ಅಂದ್ರೆ ಏನು ಪ್ರಯೋಜನ? ಜಾಗವನ್ನ ಬಿಸಿ ಮಾಡೋಕೆ ಆಗದಿದ್ರೂ ಮಾಲೀಕನ ಹೊಣೆ ಮುಗಿಯಲಿಲ್ಲ. ಅದು ಕೋಣೆಯಿಂದ ಮನುಷ್ಯನ ಮೈಗೆ ಬಂತು.

1992ರ ಹೊಸ ನಿಯಮಗಳಲ್ಲಿ ಮತ್ತೆ ‘ಸಮಂಜಸ’ ಅನ್ನೋ ಪದವೇ ಉಳೀತು. 16 ಡಿಗ್ರಿ, ಶ್ರಮದ ಕೆಲಸಕ್ಕೆ 13 ಡಿಗ್ರಿ ಅನ್ನೋ ಅಂಕಿಗಳು ಅದರ ಜೊತೆಗಿನ ಮಾರ್ಗಸೂಚಿಗೆ ಹೋದವು.

ನಮ್ಮ 1948ರ ಕಾರ್ಖಾನೆ ಕಾಯ್ದೆಗೂ ಬ್ರಿಟನ್ನಿನ 1937ರ ಕಾನೂನೇ ಮಾದರಿ. 2025ರವರೆಗೆ ಜಾರಿಯಲ್ಲಿದ್ದ ಅದರ 13ನೇ ಸೆಕ್ಷನ್ ಆರಾಮಕರ ತಾಪಮಾನದ ಬಗ್ಗೆ ಹೇಳ್ತಿತ್ತು, ಆದ್ರೆ ವಿವರವಾಗಿ ಮಾತಾಡ್ತಿದ್ದುದು ಸೆಕೆಯ ಬಗ್ಗೆ. ನಮ್ಮ ಹವೆಗೆ ಅದು ಸರಿಯೇ. ಆದ್ರೆ ಆ ಕಾಯ್ದೆ ಕಾರ್ಖಾನೆಯ ಗೇಟ್‌ವರೆಗೆ ಮಾತ್ರ ಇತ್ತು. ಡಿಸೆಂಬರ್ ಬೆಳಗಿನ ಜಾವ ಶಟರ್ ಎತ್ತಿ ಹಾಲು, ಹೂವು ಮಾರೋರಿಗೆ ಬೆಚ್ಚಗಾಗೋ ಆ ಹತ್ತು ನಿಮಿಷ ಯಾರು ಕೊಡ್ಬೇಕು?